ಕಿಟಕಿ ಇದೆಯಲ್ಲ, ಲೈಟು ಆಮೇಲೆ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಸಮೀಪದ ಹೆಂಚಿನ ಮನೆ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಕೋಣೆಯೊಂದು ಖಾಲಿ ಇದೆ. ಹಳೆಯ ಕ್ಯಾಮೆರಾ ಇದೆ, ಕೈಯಲ್ಲಿ 10,000 ರೂಪಾಯಿ ಇದೆ. ಮಕ್ಕಳ ಫೋಟೊ ತೆಗೆಯಲು ಯಾವ ಲೈಟ್ ಕೊಳ್ಳಲಿ?

ಉತ್ತರ: ಸದ್ಯಕ್ಕೆ ಯಾವುದೂ ಬೇಡ. ಕಿಟಕಿ ಯಾವ ದಿಕ್ಕಿಗಿದೆ ನೋಡಿ. ಉತ್ತರಕ್ಕಿದ್ದರೆ ಅದೃಷ್ಟವಂತರು, ನೇರ ಬಿಸಿಲಿನ ಕಾಟ ಕಡಿಮೆ. ಬೇರೆ ದಿಕ್ಕಾದರೆ ಒಗೆದ ಬಿಳಿ ಪಂಚೆಯೊಂದನ್ನು ಅಡ್ಡ ಕಟ್ಟಿ. ಮಗುವನ್ನು ಕಿಟಕಿಗೆ ಪಕ್ಕವಾಗಿ, ಮೂರಡಿ ದೂರದಲ್ಲಿ ಕೂರಿಸಿ. ಇನ್ನೊಂದು ಬದಿಗೆ, ಬೆಳಕು ಮುಖಕ್ಕೆ ಮರಳಿ ಬೀಳುವಂತೆ, ಬಿಳಿ ಥರ್ಮಾಕೋಲ್ ಹಾಳೆ ನಿಲ್ಲಿಸಿ. ಕೋಣೆಯ ಬಲ್ಬು ನಂದಿಸಿ, ಇಲ್ಲದಿದ್ದರೆ ಒಂದು ಕೆನ್ನೆ ಹಳದಿ, ಇನ್ನೊಂದು ನೀಲಿಯಾಗುತ್ತದೆ.

ನೆಲ ಕೆಂಪು ಗಾರೆಯದೇ? ನಾನು ಶುರು ಮಾಡಿದ ವರ್ಷ ಮಕ್ಕಳ ಗಲ್ಲದ ಕೆಳಗೆಲ್ಲ ಕೆಂಪು ಛಾಯೆ ಬರುತ್ತಿತ್ತು. ತಿಂಗಳುಗಟ್ಟಲೆ ಕ್ಯಾಮೆರಾವನ್ನು ಬೈದೆ. ತಪ್ಪು ನೆಲದ್ದು! ಬಿಳಿ ಹೊದಿಕೆ ಹಾಸಿದ ಮೇಲೆ ಸರಿಹೋಯಿತು.

ಮಳೆಗಾಲದಲ್ಲಿ ಮಧ್ಯಾಹ್ನವೇ ಕತ್ತಲಾಗುವ ಊರು ನಮ್ಮದು, ಆಗೊಂದು ಎಲ್‌ಇಡಿ ಲೈಟ್ ಬೇಕು. ಬ್ಯಾಟರಿಯಲ್ಲೂ ಉರಿಯುವುದನ್ನೇ ತೆಗೆದುಕೊಳ್ಳಿ. ಗಾಳಿಗೊಂದು ಮರ ಬಿದ್ದರೆ ಕರೆಂಟು ಯಾವಾಗ ಬರುತ್ತದೆಂದು ಹೇಳುವವರಿಲ್ಲ.

ಹಣಕ್ಕಿಂತ ದೊಡ್ಡ ಚಿಂತೆ ಬೂಷ್ಟು. ಲೆನ್ಸನ್ನು ಚರ್ಮದ ಚೀಲದಲ್ಲಿಟ್ಟು ನಾನೊಂದನ್ನು ಕಳೆದುಕೊಂಡೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳು ಹಾಕಿ, ಲೆನ್ಸನ್ನು ಅದರಲ್ಲಿಡಿ. ನೀಲಿ ಹರಳು ಗುಲಾಬಿಯಾದರೆ ತೇವ ಹೀರಿದೆ ಎಂದರ್ಥ. ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಅಡುಗೆಯ ಬಾಣಲೆಯಲ್ಲಿ ಮಾತ್ರ ಬೇಡ.