570ರಲ್ಲಿ ಹುಟ್ಟಿ 632ರಲ್ಲಿ ತೀರಿಕೊಂಡರೆ 63 ವರ್ಷ ಹೇಗೆ? - ಪ್ರತಿಕ್ರಿಯೆ

ಪ್ರವಾದಿ ಮುಹಮ್ಮದರ ವಯಸ್ಸಿನ ಲೆಕ್ಕ ಕೂಡುತ್ತಿಲ್ಲ ಅಂದಿರಲ್ವಾ, ಬಹುಶಃ ಎರಡು ಕ್ಯಾಲೆಂಡರ್ ಬೆರೆತಿವೆ. 63 ಅನ್ನುವುದು ಚಾಂದ್ರಮಾನದ ಎಣಿಕೆ. ಹಿಜರಿ, ಅಂದರೆ ಇಸ್ಲಾಮಿನ ಚಾಂದ್ರಮಾನ ಕ್ಯಾಲೆಂಡರ್‌ನ ವರ್ಷಕ್ಕೆ 354 ಅಥವಾ 355 ದಿನ. ನಮ್ಮ ಪಂಚಾಂಗದ ಹಾಗೆ ಅಧಿಕಮಾಸ ಸೇರಿಸಿ ಸರಿದೂಗಿಸುವುದಿಲ್ಲ. ಹಾಗಾಗಿ 63 ಅಂದರೆ ಇಂಗ್ಲಿಷ್ ಲೆಕ್ಕದಲ್ಲಿ 61 ಚಿಲ್ಲರೆ.

ಮೊದಲು 570ರ ಮುಂದೆ 'ಸುಮಾರು' ಅಂತ ಬರೆದುಕೊಳ್ಳಿ. ಅದು ಯೆಮೆನ್ ಆಳುತ್ತಿದ್ದ ಅಬ್ರಹನ ಸೇನೆ ಮೆಕ್ಕಾಕ್ಕೆ ಬಂದ 'ಆನೆಯ ವರ್ಷ'ದ ಮೇಲೆ ನಿಂತ ಅಂದಾಜು, ಕೆಲವರು 571 ಅಂತಾರೆ, ಆಗ 632ಕ್ಕೆ 61 ಕೂಡುತ್ತದೆ. ಇದನ್ನು ಪಕ್ಕಾ ಮಾಡಲು ಆಗುವುದಿಲ್ಲ.

ಆಮೇಲೆ ಇಂಗ್ಲಿಷ್ ವರ್ಷ ಅಂದಾಜು ಮಾಡಲು ಹಿಜರಿ ವರ್ಷವನ್ನು 0.97ರಿಂದ ಗುಣಿಸಿ 621.6 ಕೂಡಿಸಿ. ಪ್ರವಾದಿ ತೀರಿಕೊಂಡ 11ನೇ ವರ್ಷಕ್ಕೆ 632.3 ಬರುತ್ತದೆ, ಸರಿ.

ಆದರೆ ತಿಂಗಳು ನೋಡದೆ ಸುಮ್ನೆ ನಂಬಬೇಡಿ. ಮೆಕ್ಕಾ ವಶವಾದ 8ನೇ ವರ್ಷಕ್ಕೆ 629 ಬರುತ್ತದೆ. ಅದು ನಡೆದದ್ದು ರಂಜಾನ್‌ನಲ್ಲಿ, ಒಂಬತ್ತನೇ ತಿಂಗಳು. ಅಷ್ಟೊತ್ತಿಗೆ 630ರ ಜನವರಿ ಬಂದಿತ್ತು.

ಇನ್ನೊಂದು, ಹಿಜರಿ ಶುರುವಾಗುವುದು 622ರ ಜುಲೈನಿಂದ, ಪ್ರವಾದಿ ಮೆಕ್ಕಾ ಬಿಟ್ಟು ಮದೀನಾ ತಲುಪಿದ್ದು ಸೆಪ್ಟೆಂಬರ್‌ನಲ್ಲಿ. ಎರಡೂ ಒಂದೇ ದಿನ ಅನ್ನುವ ಹಾಗೆ ಬರೆಯಬೇಡಿ.