ವಯೋಲಾ ಬೀಜ ಮೊಳೆಯುತ್ತಿಲ್ಲ ಎಂದವರಿಗೆ

ವಯೋಲಾ, ಅಂದರೆ ಪ್ಯಾನ್ಸಿ ಹೂಗಿಡದ ಸಣ್ಣ ಹೂವಿನ ಸಂಬಂಧಿ, ಬಿತ್ತಿದ ಟ್ರೇಯನ್ನು ಬಿಸಿಲು ಬೀಳುವ ಕಿಟಕಿಯಲ್ಲಿಟ್ಟು, ವಾರ ಕಳೆಯುವುದರೊಳಗೆ ‘ಬೀಜ ಸತ್ತಿದೆ, ಚೆಲ್ಲುತ್ತೇನೆ’ ಎಂದು ಬರೆದಿದ್ದೀರಿ. ದಯವಿಟ್ಟು ಚೆಲ್ಲಬೇಡಿ. ನಮ್ಮ ಈ ತೋಟಗಾರಿಕೆ ಗುಂಪಿನಲ್ಲಿ ಪ್ರತಿ ಹಂಗಾಮಿನಲ್ಲೂ ಇದೇ ತಪ್ಪು ನಡೆಯುತ್ತದೆ, ಒಳ್ಳೆಯ ಬೀಜ ಸುಮ್ಮನೆ ಗೊಬ್ಬರದ ಗುಂಡಿ ಸೇರುತ್ತದೆ.

ಬೀಜ ಬಿತ್ತಿದ ಮಣ್ಣಿನ ಮಿಶ್ರಣದ ಉಷ್ಣತೆ 18ರಿಂದ 20 ಡಿಗ್ರಿ ಸೆಲ್ಸಿಯಸ್ ಇದ್ದರೂ ವಯೋಲಾ ಮೊಳೆಯಲು 10–14 ದಿನ ಹಿಡಿಯುತ್ತದೆ. 25 ದಾಟಿದರೆ ಬಹಳಷ್ಟು ಬೀಜಗಳು ಮುನಿಸಿಕೊಂಡು ಕೂರುತ್ತವೆ. ಟೊಮೆಟೊ ಬೀಜದ ಟ್ರೇ ಬೆಚ್ಚಗಿಡಲು ಕೆಳಗೆ ಹಾಸುವ ಹೀಟ್ ಮ್ಯಾಟ್ ಅನ್ನು ಇದರ ಹತ್ತಿರಕ್ಕೂ ತರಬೇಡಿ.

ನಾನು ಮಾಡುವುದು ಇಷ್ಟು: ಬೀಜದ ಮೇಲೆ ವರ್ಮಿಕ್ಯುಲೈಟ್ (ತೇವ ಹಿಡಿದಿಡುವ ಹಗುರ ಖನಿಜದ ಚೂರು) ತೆಳುವಾಗಿ ಉದುರಿಸಿ, ಟ್ರೇಯನ್ನು ನೀರಿನಲ್ಲಿಟ್ಟು ಕೆಳಗಿನಿಂದ ಹೀರಿಸಿ, ಕಪ್ಪು ಹಾಳೆ ಮುಚ್ಚಿ, ಮನೆಯ ಅತಿ ತಂಪಾದ ಮೂಲೆಯಲ್ಲಿಡುತ್ತೇನೆ. ಐದನೆಯ ದಿನದಿಂದ ಬೆಳಿಗ್ಗೆ ಸಂಜೆ ಹಾಳೆ ಎತ್ತಿ ನೋಡಲೇಬೇಕು. ಒಂದೆರಡು ಕಡೆ ಮೊಳಕೆಯ ಬಿಳಿ ಕುತ್ತಿಗೆ ಬಾಗಿಕೊಂಡು ಮೇಲೆದ್ದದ್ದು ಕಂಡ ತಕ್ಷಣ ಹಾಳೆ ತೆಗೆದು ಬೆಳಕಿಗಿಡಿ. ಉಳಿದವೂ ಬರಲಿ ಎಂದು ಇನ್ನೊಂದು ದಿನ ಕಾದರೆ ಮೊದಲು ಬಂದವು ದಾರದಂತೆ ನೀಳವಾಗಿ ಮಗುಚಿಕೊಳ್ಳುತ್ತವೆ. ಆಮೇಲೆ ಎಷ್ಟು ಬೆಳಕು ಕೊಟ್ಟರೂ ಆ ಕಾಂಡ ಗಿಡ್ಡವಾಗುವುದಿಲ್ಲ. ಬೆಳಕಿನಲ್ಲೂ ಮೊಳೆಯುತ್ತದೆ ಎಂದು ವಾದಿಸುವವರಿದ್ದಾರೆ. ಮೊಳೆಯಬಹುದು, ಆದರೆ ಮೇಲ್ಪದರ ಒಮ್ಮೆ ಒಣಗಿತೋ, ಮೊಳಕೆ ಅಲ್ಲಿಗೇ ಮುಗಿಯಿತು. ಮುಚ್ಚಿಟ್ಟರೆ ತೇವವೂ ಉಳಿಯುತ್ತದೆ.

ಗುಂಪಿನಲ್ಲಿ ಯಾರೋ ಮಿಶ್ರಣಕ್ಕೆ ಬೂದಿ ಹಾಕಿ ಎಂದಿದ್ದಾರೆ. ಬೇಡವೇ ಬೇಡ. ಬೂದಿ ಪಿಎಚ್ (ಮಣ್ಣಿನ ಹುಳಿ-ಕ್ಷಾರದ ಅಳತೆ) ಏರಿಸುತ್ತದೆ, ವಯೋಲಾಕ್ಕೆ ಅದು 5.5–5.8ರ ಆಸುಪಾಸಿನಲ್ಲಿರಬೇಕು. ಏರಿದರೆ ಬೋರಾನ್ ಎಂಬ ಪೋಷಕಾಂಶ ಸಿಗದೆ ಕುಡಿ ಎಲೆಗಳು ದಪ್ಪಗಾಗಿ ಮುರುಟುತ್ತವೆ, ಬೇರು ಕಪ್ಪಾಗಿ ಕೊಳೆಯುವ ರೋಗಕ್ಕೂ ದಾರಿಯಾಗುತ್ತದೆ. ಗಡಸು ನೀರು ಹಾಕುತ್ತಿದ್ದರೂ ಪಿಎಚ್ ಮೆಲ್ಲಗೆ ಏರುತ್ತದೆ. ಮಳೆನೀರು ಸಿಕ್ಕರೆ ಅದನ್ನೇ ಬಳಸಿ.

ತಳಿಯ ಬಗ್ಗೆಯೂ ಒಂದು ಮಾತು ಹೇಳುತ್ತೇನೆ: ಕುಂಡಕ್ಕೆ ನನ್ನ ಆಯ್ಕೆ ವಯೋಲಾದ ಸಾರ್ಬೆಟ್ ಸರಣಿ. ಪ್ಯಾನ್ಸಿಯ ದೊಡ್ಡ ಹೂ ಒಂದು ಮಳೆಗೆ ಜೋತುಬೀಳುತ್ತದೆ, ಇದರ ಸಣ್ಣ ಹೂ ಮತ್ತೆ ತಲೆಯೆತ್ತುತ್ತದೆ. ಹೆಸರು ಹೋಲುತ್ತದಾದರೂ ಆಫ್ರಿಕನ್ ವಯೊಲೆಟ್ ಬೇರೆಯೇ ಕುಟುಂಬದ ಗಿಡ, ಅದರ ಆರೈಕೆಯ ವಿಧಾನವನ್ನು ಇಲ್ಲಿಗೆ ತರಬೇಡಿ. ಅಂತರ್ಜಾಲದಲ್ಲಿ ಹುಡುಕುವಾಗ ಬರೀ ‘ವಯೋಲಾ’ ಎಂದರೆ ಪಿಟೀಲಿಗಿಂತ ತುಸು ದೊಡ್ಡದಾದ ತಂತಿವಾದ್ಯದ ಪುಟಗಳೇ ಬರುತ್ತವೆ. ‘ವಯೋಲಾ ಕಾರ್ನ್ಯೂಟಾ’ ಎಂದು ಪೂರ್ತಿ ಹೆಸರು ಹಾಕಿ.

ಹೂ ಬಾಡಿದ ಮೇಲೆ ಎಸಳನ್ನಷ್ಟೇ ಕೀಳಬೇಡಿ, ತೊಟ್ಟನ್ನು ಬುಡದವರೆಗೆ ಚಿವುಟಿ. ಕಾಯಿ ಉಳಿದರೆ ಗಿಡ ಹೂ ಬಿಡುವುದನ್ನು ಕಡಿಮೆ ಮಾಡುತ್ತದೆ. ಬೀಜ ಬೇಕೆಂದೇ ಬಿಟ್ಟಿದ್ದರೆ ಕಾಯಿಯ ಮೇಲೆ ಕಣ್ಣಿಡಿ: ಎಳೆಯದು ತಲೆ ತಗ್ಗಿಸಿರುತ್ತದೆ, ಬಲಿತಾಗ ಮೇಲಕ್ಕೆ ನೆಟ್ಟಗಾಗುತ್ತದೆ. ಆಗಲೇ ಕತ್ತರಿಸಿ ಕಾಗದದ ಲಕೋಟೆಯಲ್ಲಿ ಹಾಕಿ, ಬಾಯಿ ಮುಚ್ಚಿಡಿ; ತಡವಾದರೆ ಮೂರು ಹೋಳಾಗಿ ಬಿರಿದು ಬೀಜವನ್ನೆಲ್ಲ ದೂರಕ್ಕೆ ಸಿಡಿಸುತ್ತದೆ. ಪೊಟ್ಟಣದ ಮೇಲೆ ಎಫ್1 (ಎರಡು ತಳಿ ಕೂಡಿಸಿದ ಮೊದಲ ಪೀಳಿಗೆಯ ಮಿಶ್ರತಳಿ) ಎಂದಿದ್ದರೆ ಈ ಶ್ರಮ ಬೇಡ, ಮುಂದಿನ ಪೀಳಿಗೆಯಲ್ಲಿ ಅದೇ ಬಣ್ಣ ಬರುವ ಭರವಸೆ ಇಲ್ಲ.