ಒಂಬತ್ತು ತಿಂಗಳಿಗೆ ಕೂಲಿ ಬೇಡವೇ?

ತುಮಕೂರಿನ ಓದುಗರೊಬ್ಬರು ಬರೆದಿದ್ದಾರೆ: "ದುಡ್ಡು ಕೊಟ್ಟು ಬಾಡಿಗೆ ತಾಯಿಯನ್ನು ಹಿಡಿಯುವುದನ್ನು ಸರ್ಕಾರ ನಿಲ್ಲಿಸಿದ್ದು ಒಳ್ಳೆಯದಾಯಿತು. ತಾಯ್ತನಕ್ಕೆ ಬೆಲೆ ಕಟ್ಟಬಾರದು. ನೀವೇನನ್ನುತ್ತೀರಿ?"

ಪತ್ರ ಸೊಗಸಾಗಿದೆ ತಾಯೀ, ಆದರೆ ಒಪ್ಪಲಾರೆ. ನಿಮ್ಮ ಆತಂಕದಲ್ಲಿ ಹುರುಳಿಲ್ಲ ಎಂದಲ್ಲ. ಗುಜರಾತಿನ ಆಣಂದದಲ್ಲಿ ಬಾಡಿಗೆ ತಾಯಂದಿರಾದ ಬಡ ಹೆಂಗಸರನ್ನು ತಿಂಗಳುಗಟ್ಟಲೆ ಮನೆಮಕ್ಕಳಿಂದ ದೂರ, ಹಾಸ್ಟೆಲಿನಲ್ಲಿ ಇಟ್ಟಿದ್ದರು. 2008ರಲ್ಲಿ ಅಲ್ಲಿ ಹುಟ್ಟಿದ ಮಗುವೊಂದರ ಜಪಾನಿ ದಂಪತಿ ಹೆರಿಗೆಗೆ ಮೊದಲೇ ಬೇರೆಯಾಗಿ, ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಎಲ್ಲ ನಿಜ.

ಈಗ ಬಾಡಿಗೆ ತಾಯಿ ಮಾಡುವ ಕೆಲಸ ನೋಡಿ. ಮೊದಲು ಈಸ್ಟ್ರೋಜನ್ ಎಂಬ ಹಾರ್ಮೋನಿನ ಮಾತ್ರೆ ಕೊಟ್ಟು ಗರ್ಭಕೋಶದ ಒಳಪದರವನ್ನು 7-8 ಮಿ.ಮೀ. ದಪ್ಪಕ್ಕೆ ತರುತ್ತಾರೆ. ಆಮೇಲೆ ಗರ್ಭವನ್ನು ಉಳಿಸುವ ಹಾರ್ಮೋನಾದ ಪ್ರೊಜೆಸ್ಟರಾನ್ ಶುರು. ಐದು ದಿನ ಕಳೆದು, ಲ್ಯಾಬಿನಲ್ಲಿ ಬೆಳೆಸಿದ ಐದು ದಿನದ ಭ್ರೂಣ ಒಳಗಿಡುತ್ತಾರೆ. ಹೀಗೆ ಔಷಧಿಯಿಂದಲೇ ಅಣಿ ಮಾಡಿದಾಗ ಅವಳ ಅಂಡಾಶಯ ಅಂಡ ಬಿಡುವುದಿಲ್ಲ, ಪ್ರೊಜೆಸ್ಟರಾನ್ ತಾನಾಗಿ ಬರುವುದೂ ಇಲ್ಲ. ಮಾಸು ಬೆಳೆದು ಆ ಹೊಣೆ ಹೊರುವ 10-12ನೇ ವಾರದವರೆಗೂ ಹೊರಗಿನಿಂದಲೇ ಕೊಡಬೇಕು. ಎಣ್ಣೆಯಲ್ಲಿ ಕರಗಿಸಿದ ಇಂಜೆಕ್ಷನ್ ಆದರೆ ಉದ್ದನೆಯ ಸೂಜಿ. ಇವತ್ತು ಎಡ ಪಿರ್ರೆ, ನಾಳೆ ಬಲ. ಚುಚ್ಚಿದಲ್ಲೆಲ್ಲ ಗಂಟು ಕಟ್ಟಿ ಕೂರಲಾಗದೆ ಶಾಖ ಕೊಟ್ಟುಕೊಳ್ಳಬೇಕು. ತಪ್ಪಿಸಿದರೆ ಗರ್ಭ ಜಾರುವ ಭಯ. ಮುಂದೆ ಬಿಪಿ ಏರುವ ಅಪಾಯ ಸಹಜ ಬಸಿರಿಗಿಂತ ಹೆಚ್ಚು. ಮಗುವನ್ನು ಒಪ್ಪಿಸಿದ ಮೇಲೆ ಹಾಲು ನಿಲ್ಲಿಸಲು ಮತ್ತೆ ಮಾತ್ರೆ.

2021ರ ಬಾಡಿಗೆ ತಾಯ್ತನ ಕಾಯ್ದೆಯಲ್ಲಿ ಇದಕ್ಕೆಲ್ಲ ವೈದ್ಯಕೀಯ ಮತ್ತಿತರ ನಿಗದಿತ ವೆಚ್ಚ, 36 ತಿಂಗಳ ವಿಮೆ, ಅಷ್ಟೇ. ಆಸ್ಪತ್ರೆಯ ಬಿಲ್ಲಿನಲ್ಲಿ ಮಾತ್ರ ತ್ಯಾಗದ ಸುದ್ದಿಯಿಲ್ಲ! ಬಸಿರಿನ ಅವಧಿಯ ಕೂಲಿ ನಷ್ಟ ತುಂಬಿಕೊಡಿ, ಅವಳ ಮಕ್ಕಳ ಆರೈಕೆಗೂ ನೆರವಾಗಿ ಎಂದು 2017ರಲ್ಲೇ ಸಂಸದೀಯ ಸ್ಥಾಯಿ ಸಮಿತಿ ಹೇಳಿತ್ತು. ಕೇಳಿದವರಾರು?

ದುಡ್ಡಿಲ್ಲದ ಕಡೆ ಒತ್ತಾಯವೂ ಇಲ್ಲ ಎಂದುಕೊಂಡಿರಾ? ಹೊರಗಿನವರಿಗಾದರೆ ಆಗುವುದಿಲ್ಲ ಎನ್ನಬಹುದು. ಅತ್ತೆ, ಭಾವ, ಓರಗಿತ್ತಿ ಸೇರಿ ಕೇಳಿದರೆ ಕಿರಿಸೊಸೆ ಏನೆಂದಾಳು? ಒಪ್ಪಿಗೆ ಪತ್ರದಲ್ಲಿ ಬರೀ ಸಹಿ ಕಾಣುತ್ತದೆ. ಇನ್ನು ಒಳಗಿಂದೊಳಗೆ ಮಾತಾದ ಹಣ ಕೈಗೆ ಬರದಿದ್ದರೆ, ಅವಳು ಯಾವ ಬಾಯಲ್ಲಿ ದೂರು ಕೊಡಬೇಕು?

ಆಣಂದದಲ್ಲಿ ಕೆಟ್ಟದ್ದು ಹಣ ಕೊಟ್ಟ ರೀತಿ. ದೊಡ್ಡ ಪಾಲು ಸಿಗುತ್ತಿದ್ದದ್ದು ಮಗು ಕೈಸೇರಿದ ಮೇಲೆ. ನಡುವೆ ಗರ್ಭಪಾತವಾದರೆ ಪುಡಿಗಾಸು. ಅದನ್ನು ಮಗುವಿನ ಬೆಲೆ ಎನ್ನಿ, ಒಪ್ಪುತ್ತೇನೆ. ಸರ್ಕಾರವೇ ದರ ಗೊತ್ತುಮಾಡಲಿ. ಇಂಜೆಕ್ಷನ್ ಶುರುವಾದ ತಿಂಗಳಿನಿಂದ ಹೆರಿಗೆಯಾಗಿ ಮೂರು ತಿಂಗಳವರೆಗೆ ಅವಳದೇ ಖಾತೆಗೆ ಬೀಳಲಿ. ಬಸಿರು ಇಳಿದರೂ ಅಲ್ಲಿಯವರೆಗಿನದು ಸಲ್ಲಲಿ. ಏಜೆಂಟನಿಗೆ ಬಿಡಿಗಾಸೂ ಬೇಡ.

ಹೆಂಗಸರು ಮಾಡಿದರೆ ಅದು ಸೇವೆ ಎನ್ನುವ ಚಾಳಿ ನಮಗೆ ಹೊಸದೇನಲ್ಲ. ಅಂಗನವಾಡಿ, ಬಿಸಿಯೂಟದವರಿಗೆ ಇಂದಿಗೂ ಗೌರವಧನವೇ. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ತಿಂಗಳಿಗೆ 15,000 ರೂಪಾಯಿ ಕೇಳಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲೂ ರಾತ್ರಿ ಕೂತರು. 10,000ದ ಭರವಸೆ ಹೊತ್ತು ಊರಿಗೆ ಮರಳಿದರು.

ಮದುವೆಯಾಗದ ಹೆಣ್ಣು ಈ ದಾರಿಯಲ್ಲಿ ಮಗು ಪಡೆಯಬಹುದೇ ಎಂದೂ ಕೇಳಿದ್ದೀರಿ. ಇಲ್ಲ, ಒಂಟಿ ಹೆಂಗಸರಲ್ಲಿ 35ರಿಂದ 45 ವರ್ಷದೊಳಗಿನ ವಿಧವೆ, ವಿಚ್ಛೇದಿತೆಗಷ್ಟೇ ಅವಕಾಶ. ಆ ಜಗಳ ಇನ್ನೊಂದು ಸಂಚಿಕೆಗಿರಲಿ.

- ಸಂ.